ಭೂಗರ್ಭಶಾಸ್ತ್ರ: ನಮ್ಮ ಮಕ್ಕಳ ಕಣ್ಣಿಗೆ ಬೀಳದ ವಿದ್ಯೆ

ಹತ್ತನೆಯ ತರಗತಿಯ ಫಲಿತಾಂಶ ಹೊರಬಿದ್ದೊಡನೆ ನಮ್ಮ ಸೀಮೆಯ ಮನೆಮನೆಗಳಲ್ಲಿ ಕೇಳಿಬರುವ ಪ್ರಶ್ನೆ ಒಂದೇ: ಮಗುವನ್ನು ಡಾಕ್ಟರನ್ನಾಗಿ ಮಾಡಬೇಕೋ, ಇಂಜಿನಿಯರನ್ನಾಗಿ ಮಾಡಬೇಕೋ? ಈ ಎರಡೂ ವಿದ್ಯೆಗಳು ಗೌರವಾರ್ಹವಾದವುಗಳೇ. ಆದರೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಒಕ್ಕಲು ಮನೆತನಗಳ ಬಾಳು ಯಾವ ನೆಲವನ್ನು ನಂಬಿ ನಿಂತಿದೆಯೋ, ಆ ನೆಲವನ್ನೇ ಅಭ್ಯಸಿಸುವ ವಿದ್ಯೆಯೊಂದಿದೆ ಎಂಬುದು ಬಹುಜನ ತಾಯಿತಂದೆಯರ ಗಮನಕ್ಕೆ ಬಾರದೆ ಉಳಿದಿದೆ. ಅದೇ ಭೂಗರ್ಭಶಾಸ್ತ್ರ. ಅದನ್ನು ಕುರಿತು ನಾಲ್ಕು ಮಾತುಗಳನ್ನು ಓದುಗರ ಮುಂದಿಡಲು ನಾವು ಬಯಸುತ್ತೇವೆ.

ಈ ಶಾಸ್ತ್ರದಲ್ಲಿ ನಮ್ಮ ನಾಡಿನ ಹೆಸರು ಹಳೆಯದು. 1851ರಲ್ಲಿ ಸ್ಥಾಪನೆಗೊಂಡ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯಲ್ಲಿ ಸೇವೆ ಸಲ್ಲಿಸಿದ ರಾಬರ್ಟ್ ಬ್ರೂಸ್ ಫೂಟ್ ಎಂಬ ವಿದ್ವಾಂಸರು 1880ರ ದಶಕದಲ್ಲಿ ಈ ಭಾಗದ ಪ್ರಾಚೀನ ಶಿಲೆಗಳಿಗೆ ಧಾರವಾಡದ ಹೆಸರನ್ನಿಟ್ಟರು. ಭೂಮಿಯ ಬಾಲ್ಯವನ್ನು ಅರಿಯಹೊರಟ ಪರದೇಶದ ಪಂಡಿತರೂ ಇಂದು ಆ ಹೆಸರನ್ನು ಉಚ್ಚರಿಸುತ್ತಾರೆ. ರಾಣೆಬೆನ್ನೂರಿನ ಹೆಸರಿನಿಂದಲೇ ಒಂದು ಶಿಲಾಸಮೂಹವುಂಟು. ಗ್ರೇವ್ಯಾಕ್ ಎಂಬ ಜಾತಿಯ ಆ ಕಲ್ಲು 250 ಕೋಟಿ ವರ್ಷಗಳಿಗಿಂತಲೂ ಹಿಂದೆ ಕಡಲ ತಳದಲ್ಲಿ ಮರಳು, ಕೆಸರುಗಳು ಶೇಖರಗೊಂಡು ಆದುದು. ಇಂದು ಜೋಳ, ಹತ್ತಿ, ಮೆಣಸಿನಕಾಯಿ ಬೆಳೆಯುವ ಹೊಲಗಳ ಅಡಿಯಲ್ಲಿ ಒಂದು ಕಾಲಕ್ಕೆ ಕಡಲಿತ್ತೆಂಬುದನ್ನು ನಮ್ಮ ಎಷ್ಟು ಮಕ್ಕಳು ಬಲ್ಲರು?

ಇದು ಕೇವಲ ಕುತೂಹಲದ ಮಾತಲ್ಲ. ಮಳೆ ಕೈಕೊಟ್ಟ ವರ್ಷ ರೈತನು ಸಾಲ ಮಾಡಿ ಕೊಳವೆಬಾವಿ ಕೊರೆಯಿಸುತ್ತಾನೆ. ಅಂಗೈಯಲ್ಲಿ ತೆಂಗಿನಕಾಯಿ ಹಿಡಿದೋ, ಕವಲುಕಡ್ಡಿ ಹಿಡಿದೋ ಒಬ್ಬರು ಜಾಗ ತೋರಿಸುತ್ತಾರೆ. ನೀರು ಬಾರದಿದ್ದರೆ ಇನ್ನೊಂದು, ಮತ್ತೊಂದು. ಕಡೆಗೆ ಹೊಲವೇ ಸಾಲಕ್ಕೆ ಹೋಗುತ್ತದೆ. ನಮ್ಮ ಗಟ್ಟಿ ಶಿಲೆಯ ನೆಲದಲ್ಲಿ ನೀರು ಎಲ್ಲೆಡೆಯೂ ನಿಂತಿರುವುದಿಲ್ಲ; ಮೇಲಿನ ಶಿಥಿಲ ಪದರದಲ್ಲಿಯೂ ಅದರ ಕೆಳಗಿನ ಬಿರುಕುಗಳಲ್ಲಿಯೂ ಮಾತ್ರ ಇರುತ್ತದೆ. ಭೂವಿಜ್ಞಾನಿಯು ನೆಲಕ್ಕೆ ವಿದ್ಯುತ್ತನ್ನು ಹಾಯಿಸಿ ಅದಕ್ಕೊದಗುವ ತಡೆಯನ್ನು ಅಳೆಯುತ್ತಾನೆ. ನೀರುಂಡ ಬಿರುಕುಗಲ್ಲಿನಲ್ಲಿ ತಡೆ ಕಡಿಮೆ, ಗಟ್ಟಿ ಬಂಡೆಯಲ್ಲಿ ಹೆಚ್ಚು. ಇದರಿಂದ ನೀರು ದೊರೆತೇ ತೀರುವುದೆಂದಲ್ಲ. ಕುರುಡುಗುರಿಯ ನಷ್ಟವಂತೂ ತಗ್ಗುವುದು.

ಹಾವೇರಿಗೆ ಸಮೀಪದ ಗಣಜೂರಿನಲ್ಲಿ ಚಿನ್ನದ ಅದಿರಿರುವುದು ಪರಿಶೋಧನೆಯಿಂದ ತಿಳಿದುಬಂದಿದೆ. ಇಂತಹ ಅದಿರನ್ನು ತೆಗೆಯಬೇಕೇ, ತೆಗೆದರೆ ಹೊಲಕ್ಕೂ ಬಾವಿಗೂ ಏನಾದೀತು ಎಂದು ಊರವರು ವಿಚಾರಿಸಬೇಕಾದಾಗ, ಊರಿನ ಮಗನೋ ಮಗಳೋ ಈ ಶಾಸ್ತ್ರವನ್ನು ಬಲ್ಲವರಾಗಿದ್ದರೆ ಅದೆಷ್ಟು ಆಸರೆ! ಪರರ ವರದಿಯನ್ನು ಓದಿ ತಿಳಿಹೇಳುವವರು ನಮ್ಮವರೇ ಆಗಿರುತ್ತಾರೆ.

ಈ ವಿದ್ಯೆಯ ದಾರಿ ದುರ್ಗಮವೇನಲ್ಲ. ಪಿಯುಸಿಯಲ್ಲಿ ವಿಜ್ಞಾನ, ಪದವಿಯಲ್ಲಿ ಭೂಗರ್ಭಶಾಸ್ತ್ರ. ಆ ಬಳಿಕ ಸ್ನಾತಕೋತ್ತರ ಅಭ್ಯಾಸಕ್ಕೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿಯೇ ವಿಭಾಗವಿದೆ. ಮುಂದೆ ಕೇಂದ್ರ ಲೋಕಸೇವಾ ಆಯೋಗದ ಸಂಯುಕ್ತ ಭೂವಿಜ್ಞಾನಿ ಪರೀಕ್ಷೆಯ ಮೂಲಕ ಸರ್ವೇಕ್ಷಣ ಸಂಸ್ಥೆಯನ್ನೂ ಕೇಂದ್ರ ಅಂತರ್ಜಲ ಮಂಡಳಿಯನ್ನೂ ಸೇರಬಹುದು. ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆ, ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿ, ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಗಳೂ ಇವೆ. ಹುದ್ದೆಗಳು ಹೇರಳವಲ್ಲ; ಬಿಸಿಲಲ್ಲಿ ಬೆಟ್ಟಗುಡ್ಡ ಅಲೆಯುವ ದುಡಿಮೆಯೂ ಉಂಟು. ಹೆಣ್ಣುಮಕ್ಕಳಿಗೆ ಇದು ಒಗ್ಗದೆಂದು ಯಾರೂ ಭಾವಿಸಬೇಕಾಗಿಲ್ಲ. ಭೂವಿಜ್ಞಾನಿ ಸುದೀಪ್ತಾ ಸೇನಗುಪ್ತಾ ಅವರು 1983ರಲ್ಲಿ ಹೊರಟ ಭಾರತೀಯ ತಂಡದೊಡನೆ ಅಂಟಾರ್ಕ್ಟಿಕದ ಹಿಮಭೂಮಿಯನ್ನೇ ಮೆಟ್ಟಿಬಂದರು.

ಶಾಸ್ತ್ರವನ್ನು ಜನರೆಡೆಗೆ ಒಯ್ಯುವುದೂ ಶಾಸ್ತ್ರಜ್ಞರ ಧರ್ಮವೇ. ಡಾ. ಬಿ. ಪಿ. ರಾಧಾಕೃಷ್ಣ (1918–2012) ಅವರು ಬೆಂಗಳೂರಿನಲ್ಲಿ 1958ರಲ್ಲಿ ಭಾರತೀಯ ಭೂವೈಜ್ಞಾನಿಕ ಸಂಘವನ್ನು ಕಟ್ಟಿ ಬೆಳೆಸಿದವರಲ್ಲಿ ಪ್ರಮುಖರು, ಕನ್ನಡದಲ್ಲಿಯೂ ಬರೆದರು. ಬೆಂಗಳೂರಿನ ಲಾಲಬಾಗಿನ ಬಂಡೆಯು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಗಿದ್ದು, ಸುಮಾರು 300 ಕೋಟಿ ವರ್ಷಗಳ ಅದರ ವಯಸ್ಸನ್ನು ಸಾಮಾನ್ಯರೂ ಅಲ್ಲಿಯ ಫಲಕದಲ್ಲಿ ಓದಿ ತಿಳಿಯಬಹುದು.

ನಮ್ಮಲ್ಲಿಯೂ ಇಂತಹ ಕಾರ್ಯ ಏಕಾಗಬಾರದು? ಊರಲ್ಲಿ ಕೊಳವೆಬಾವಿ ಕೊರೆಯುವಾಗ ಹೊರಬರುವ ಕಲ್ಲುಪುಡಿಯನ್ನು ಹತ್ತು ಹತ್ತು ಅಡಿಗೊಮ್ಮೆ ಬೇರೆ ಬೇರೆ ಚೀಲಗಳಲ್ಲಿ ತುಂಬಿ, ಆಳವನ್ನೂ ನೀರು ಕಂಡ ಮಟ್ಟವನ್ನೂ ಬರೆದಿಡುವ ಕೆಲಸವನ್ನು ಪ್ರೌಢಶಾಲೆಯ ಮಕ್ಕಳಿಗೆ ವಹಿಸಬಹುದು. ಕೆಲ ವರ್ಷಗಳಲ್ಲಿ ಆ ಊರಿನ ನೆಲದೊಡಲಿನ ಚಿತ್ರವೇ ಶಾಲೆಯ ಕಪಾಟಿನಲ್ಲಿ ಸಿದ್ಧವಾದೀತು. ಜಾತ್ರೆಯ ಕೃಷಿಪ್ರದರ್ಶನದಲ್ಲಿ ಬೀಜ, ಗೊಬ್ಬರಗಳ ಮಗ್ಗುಲಲ್ಲಿ ಸ್ಥಳೀಯ ಶಿಲೆಗಳಿಗೂ ಒಂದು ಮೇಜು ದೊರೆಯಲಿ. ಈ ವಿದ್ಯೆ ಕಲಿತು ಹೊರನಾಡಿನಲ್ಲಿರುವವರು ರಜೆಗೆ ಬಂದಾಗ ತಮ್ಮ ಶಾಲೆಗೆ ಹೋಗಿ ಅಚ್ಚಗನ್ನಡದಲ್ಲಿ ಒಂದು ಗಂಟೆ ಮಾತನಾಡಲಿ.

ತಾಯಿತಂದೆಯರಲ್ಲಿ ನಮ್ಮ ವಿನಂತಿ ಇಷ್ಟೇ. ಹೊಲದಿಂದ ಬಣ್ಣದ ಕಲ್ಲೊಂದನ್ನು ಕಿಸೆಯಲ್ಲಿಟ್ಟು ತಂದ ಮಗುವನ್ನು ಗದರಿಸಬೇಡಿರಿ. ಅದು ಎಲ್ಲಿ ದೊರೆಯಿತೆಂದು ಕೇಳಿರಿ; ಏನೆಂದು ತಿಳಿಯದಿದ್ದರೆ ಬಲ್ಲವರ ಬಳಿಗೆ ಕರೆದೊಯ್ಯಿರಿ.