ಬೋಲ್ಟ್ ರಂಧ್ರ ಸರಿದರೆ ಸೇತುವೆ ಕೂಡದು: ಉಕ್ಕಿನ ಭಾಗಗಳ ಮೇಲೆ ಯಂತ್ರದ ಕಣ್ಣು

ಮಡಿಕೇರಿ: 2024ರ ಜುಲೈ 30ರ ನಸುಕಿನಲ್ಲಿ ಕೊಡಗಿನ ನೆರೆಯ ವಯನಾಡಿನಲ್ಲಿ ಗುಡ್ಡ ಕುಸಿದಾಗ ಚೂರಲ್‌ಮಲ ಮತ್ತು ಮುಂಡಕ್ಕೈ ನಡುವಣ ಸೇತುವೆ ಹೆಸರಿಲ್ಲದಂತೆ ಕೊಚ್ಚಿಹೋಯಿತು. ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಯೋಧರು ಮರುದಿನವೇ ಕೆಲಸಕ್ಕೆ ತೊಡಗಿ, ಆಗಸ್ಟ್ 1ರ ಸಂಜೆಯ ವೇಳೆಗೆ 190 ಅಡಿ ಉದ್ದದ, 24 ಟನ್ ಭಾರ ಹೊರಬಲ್ಲ ಬೈಲಿ ಸೇತುವೆಯನ್ನು ನಿಲ್ಲಿಸಿದರು. ಯೋಧರ ಶ್ರಮವನ್ನೂ ಮೇಜರ್ ಸೀತಾ ಶೆಲ್ಕೆ ಅವರ ಮುಂದಾಳತ್ವವನ್ನೂ ದೇಶವೇ ಕೊಂಡಾಡಿತು. ಆದರೆ ಆ ಎರಡು ದಿನಗಳ ಕೆಲಸ ಸಾಧ್ಯವಾಗಿದ್ದು ಅದಕ್ಕೂ ಬಹಳ ಹಿಂದೆ, ಎಲ್ಲೋ ಒಂದು ಕಾರ್ಖಾನೆಯಲ್ಲಿ, ಉಕ್ಕಿನ ಚೌಕಟ್ಟಿನ ರಂಧ್ರಗಳನ್ನು ಯಾರೋ ಸರಿಯಾದ ಜಾಗದಲ್ಲಿ ಕೊರೆದು, ಸರಿಯಾಗಿವೆಯೆಂದು ಪರೀಕ್ಷಿಸಿದ್ದರಿಂದ ಎಂಬುದು ಅಷ್ಟಾಗಿ ಗಮನಕ್ಕೆ ಬರಲಿಲ್ಲ.

ಬೈಲಿ ಸೇತುವೆಯನ್ನು ಸ್ಥಳದಲ್ಲಿ ಕೊರೆದು, ಬೆಸೆದು ಕಟ್ಟುವುದಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಎಂಜಿನಿಯರ್ ಡೊನಾಲ್ಡ್ ಬೈಲಿ ರೂಪಿಸಿದ ಈ ವಿಧಾನದಲ್ಲಿ 10 ಅಡಿ ಉದ್ದದ, ಸುಮಾರು 260 ಕಿಲೋ ತೂಕದ ಚೌಕಟ್ಟುಗಳನ್ನು ಆರು ಮಂದಿ ಹೊತ್ತು ತಂದು, ಒಂದರ ತುದಿಗೆ ಇನ್ನೊಂದನ್ನು ಇಟ್ಟು, ಮೇಲೊಂದು ಕೆಳಗೊಂದು ಪಿನ್ನು ತೂರಿಸಿ ಜೋಡಿಸುತ್ತಾರೆ. 190 ಅಡಿಯ ಸೇತುವೆಗೆ ಒಂದು ಸಾಲಿನಲ್ಲಿ 19 ಚೌಕಟ್ಟು, 18 ಕೀಲು. ಯಾವ ಕಾರ್ಖಾನೆಯ ಯಾವ ಚೌಕಟ್ಟೇ ಆಗಲಿ, ಇನ್ನಾವ ಕಾರ್ಖಾನೆಯ ಚೌಕಟ್ಟಿಗೂ ಕೂಡಬೇಕು. ಯುದ್ಧಕಾಲದಲ್ಲಿ ನೂರಾರು ಕಾರ್ಖಾನೆಗಳು ಇವನ್ನು ತಯಾರಿಸುತ್ತಿದ್ದುದರಿಂದ ರಂಧ್ರಗಳ ಸ್ಥಾನವನ್ನು ಅಚ್ಚುಗಟ್ಟಾದ ಅಳತೆಗೋಲುಗಳಿಂದ ನೋಡಿಯೇ ಹೊರಗೆ ಬಿಡಬೇಕಿತ್ತು.

ಕೀಲಿನ ಸಡಿಲ ಎಷ್ಟು ದೊಡ್ಡದಾಗಬಲ್ಲದು ಎಂಬುದಕ್ಕೆ ಒಂದು ಸರಳ ಲೆಕ್ಕ ಸಾಕು. ಮೇಲಿನ ಮತ್ತು ಕೆಳಗಿನ ಪಿನ್ನುಗಳ ನಡುವಣ ಅಂತರ ಸುಮಾರು ಒಂದೂವರೆ ಮೀಟರ್. ಪ್ರತಿ ಕೀಲಿನಲ್ಲೂ ರಂಧ್ರ ಕೇವಲ ಅರ್ಧ ಮಿಲಿಮೀಟರಿನಷ್ಟು ಹೆಚ್ಚು ಎಡೆ ಕೊಟ್ಟಿತೆಂದರೆ 58 ಮೀಟರಿನ ಸೇತುವೆಯ ನಡುಭಾಗ ಸುಮಾರು ನಾಲ್ಕೂವರೆ ಸೆಂಟಿಮೀಟರ್ ಹೆಚ್ಚು ಬಾಗುತ್ತದೆ. ಒಂದು ಕೀಲಿನಲ್ಲಿ ಬೆರಳಿಗೂ ತಿಳಿಯದ ದೋಷ ಹದಿನೆಂಟು ಕೀಲು ದಾಟುವಷ್ಟರಲ್ಲಿ ಕಣ್ಣಿಗೆ ಕಾಣುವಂತಾಗುತ್ತದೆ.

ಘಟ್ಟದ ರಸ್ತೆಯ ಲೆಕ್ಕ

ಕೊಡಗಿನವರಿಗೆ ಇದು ದೂರದ ಸುದ್ದಿಯಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಸುತ್ತಮುತ್ತ ಬೆಟ್ಟಗಳು ಜಾರಿದಾಗ ಮಡಿಕೇರಿ-ಸಂಪಾಜೆ ನಡುವಣ ಹೆದ್ದಾರಿ ವಾರಗಟ್ಟಲೆ ಮುಚ್ಚಿತ್ತು. ಅಂಥ ಹೊತ್ತಿನಲ್ಲಿ ಬೇಗ ನಿಲ್ಲುವುದು ಉಕ್ಕಿನ ಸೇತುವೆಯೇ. ಕಾಂಕ್ರೀಟ್ ಗಟ್ಟಿಯಾಗುವವರೆಗೆ ಮಳೆಗಾಲ ಕಾಯುವುದಿಲ್ಲ. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ ಸುಳ್ಯದತ್ತ ಇಳಿಯುವ ಪಯಸ್ವಿನಿಗೆ 1989ರಲ್ಲಿ ಅರಂಬೂರಿನಲ್ಲಿ ತೂಗುಸೇತುವೆ ಕಟ್ಟಿ, ಮುಂದೆ ನೂರಕ್ಕೂ ಹೆಚ್ಚು ಊರುಗಳಿಗೆ ಇಂಥ ಕಾಲುಸೇತುವೆ ಕಟ್ಟಿಕೊಟ್ಟು 2017ರಲ್ಲಿ ಪದ್ಮಶ್ರೀ ಪಡೆದ ಸುಳ್ಯದ ಎಂಜಿನಿಯರ್ ಗಿರೀಶ್ ಭಾರದ್ವಾಜ್ ಅವರ ಕೆಲಸದ ಹಿಂದಿದ್ದುದೂ ಉಕ್ಕಿನ ಇದೇ ಅನುಕೂಲ. ಭಾಗಗಳನ್ನು ಬೇರೆಡೆ ಸಿದ್ಧಪಡಿಸಿ, ಹೊಳೆಯ ದಂಡೆಗೆ ತಂದು ಜೋಡಿಸಬಹುದು.

ಆದರೆ ಕೊಡಗಿಗೆ ಇಂದಿಗೂ ರೈಲು ಬಂದಿಲ್ಲ. ಬಂದದ್ದೆಲ್ಲ ಲಾರಿಯಲ್ಲೇ ಬರಬೇಕು. ಲಾರಿ ಘಟ್ಟದ ತಿರುವುಗಳಲ್ಲಿ ತಿರುಗಬೇಕು. ಬಯಲುಸೀಮೆಯಲ್ಲಿ ಒಂದೇ ತುಂಡಾಗಿ ಸಾಗಿಸಬಹುದಾದ ತೊಲೆಯನ್ನು ಇಲ್ಲಿಗೆ ಎರಡು ಮೂರು ತುಂಡು ಮಾಡಿಯೇ ತರಬೇಕಾಗುತ್ತದೆ. ತುಂಡು ಹೆಚ್ಚಿದಂತೆ ಜೋಡಣೆಯ ತಗಡುಗಳು ಹೆಚ್ಚು, ತಗಡು ಹೆಚ್ಚಿದಂತೆ ಬೋಲ್ಟು ಹೆಚ್ಚು, ಬೋಲ್ಟು ಹೆಚ್ಚಿದಂತೆ ರಂಧ್ರ ಹೆಚ್ಚು. ಗುಡ್ಡಗಾಡಿನ ಸೇತುವೆಗೆ ರಂಧ್ರದ ಲೆಕ್ಕಾಚಾರ ಇನ್ನಷ್ಟು ಬಿಗಿಯಾಗುವುದು ಹೀಗೆ.

ಉಕ್ಕಿನ ಕಟ್ಟಡ ನಿರ್ಮಾಣಕ್ಕೆ ಸಂಬಂಧಿಸಿದ ಭಾರತೀಯ ಮಾನಕ ಐ.ಎಸ್. 800ರ (2007) ಪ್ರಕಾರ 20 ಮಿ.ಮೀ. ಬೋಲ್ಟಿಗೆ 22 ಮಿ.ಮೀ. ರಂಧ್ರ. ಎರಡು ತಗಡುಗಳ ರಂಧ್ರಗಳು ಪರಸ್ಪರ 2 ಮಿ.ಮೀ.ಗಿಂತ ಹೆಚ್ಚು ಸರಿದಿದ್ದರೆ ಬೋಲ್ಟು ತೂರದು. ಅಂದರೆ ಒಂದೊಂದು ತಗಡಿಗೆ ಸಿಗುವ ಪಾಲು ಒಂದೇ ಮಿಲಿಮೀಟರ್. ಒಂದೇ ರಂಧ್ರವಾಗಿದ್ದರೆ ತಗಡನ್ನು ಅತ್ತಿತ್ತ ಜರುಗಿಸಿ ಕೂಡಿಸಬಹುದಿತ್ತು. ಇಪ್ಪತ್ತನಾಲ್ಕು ರಂಧ್ರಗಳ ಗುಂಪಿನಲ್ಲಿ ಒಂದಕ್ಕಾಗಿ ಜರುಗಿಸಿದರೆ ಇನ್ನೊಂದು ಮುಚ್ಚಿಕೊಳ್ಳುತ್ತದೆ.

ಕೂಡದಿದ್ದಾಗ ಸ್ಥಳದಲ್ಲಿ ಏನಾಗುತ್ತದೆ ಎಂಬುದು ಈ ಕಸುಬಿನವರೆಲ್ಲ ಬಲ್ಲ ಸಂಗತಿ. ಮೊದಲು ಮೊನಚು ಪಿನ್ನನ್ನು ಸುತ್ತಿಗೆಯಿಂದ ಹೊಡೆದು ರಂಧ್ರಗಳನ್ನು ಎಳೆದು ತರುವ ಪ್ರಯತ್ನ. ಅದಕ್ಕೂ ಬಗ್ಗದಿದ್ದರೆ ಗ್ಯಾಸ್ ಜ್ವಾಲೆ. ಬೋಲ್ಟಿನ ರಂಧ್ರವನ್ನು ಗ್ಯಾಸಿನಿಂದ ಕತ್ತರಿಸಕೂಡದೆಂದು ಮಾನಕ ಹೇಳುತ್ತದೆ. ಆದರೆ ಸಂಜೆಯ ಮಳೆ ಹೊಳೆಯನ್ನು ಏರಿಸುತ್ತಿರುವಾಗ, ಕ್ರೇನಿನ ಬಾಡಿಗೆ ಗಂಟೆಗಂಟೆಗೂ ಏರುತ್ತಿರುವಾಗ ಮಾನಕದ ಪುಟ ತೆರೆಯುವವರು ಕಡಿಮೆ. ಹೀಗೆ ಕೊರೆದ ರಂಧ್ರ ಮೊಟ್ಟೆಯಾಕಾರ ತಾಳುತ್ತದೆ, ಅಂಚು ಹಲ್ಲುಹಲ್ಲಾಗುತ್ತದೆ, ಸುತ್ತಲಿನ ಉಕ್ಕು ಬಿಸಿಗೆ ಗಡುಸಾಗಿ ಬಿರುಕಿಗೆ ಎಡೆಮಾಡುತ್ತದೆ. ಸವರಿದ ಸತುವಿನ ಲೇಪವೂ ಸುಟ್ಟುಹೋಗುತ್ತದೆ. ತಲಕಾವೇರಿ, ಭಾಗಮಂಡಲದಂಥ ಮಳೆಯ ಊರಿನಲ್ಲಿ ತುಕ್ಕು ಮೊದಲು ಹಿಡಿಯುವುದು ಅಲ್ಲೇ. ಇನ್ನೂ ಒಂದಿದೆ. ಯಂತ್ರದಿಂದ ಕತ್ತರಿಸಿದ ಅಂಚಿನಿಂದ ರಂಧ್ರದ ಕೇಂದ್ರಕ್ಕೆ ರಂಧ್ರದ ವ್ಯಾಸದ ಒಂದೂವರೆ ಪಟ್ಟಾದರೂ ದೂರವಿರಬೇಕು, ಅಂದರೆ 22 ಮಿ.ಮೀ. ರಂಧ್ರಕ್ಕೆ 33 ಮಿ.ಮೀ. ಅಷ್ಟೇ ಇಟ್ಟು ವಿನ್ಯಾಸ ಮಾಡಿದ ಕಡೆ 4 ಮಿ.ಮೀ. ಅಂಚಿನತ್ತ ಸರಿದರೆ ಬೋಲ್ಟು ತೂರಿದರೂ ತಗಡು ಹರಿಯುವ ಅಪಾಯ ಉಳಿದೇ ಇರುತ್ತದೆ.

ಯಂತ್ರ ನೋಡುವ ಬಗೆ

ಹಳೆಯ ಪದ್ಧತಿಯಲ್ಲಿ ಪರೀಕ್ಷೆಗೆ ಮೂರು ದಾರಿಗಳಿದ್ದವು, ಈಗಲೂ ಇವೆ. ಉಕ್ಕಿನ ಟೇಪು ಹಿಡಿದು ಅಳೆಯುವುದು. ಒಂದು ತುದಿ ತೂರಬೇಕಾದ, ಇನ್ನೊಂದು ತುದಿ ತೂರಬಾರದ ಅಳತೆಗೋಲನ್ನು ರಂಧ್ರಕ್ಕೆ ಹಾಕಿ ನೋಡುವುದು. ಕಾರ್ಖಾನೆಯ ಅಂಗಳದಲ್ಲೇ ಇಡೀ ಸೇತುವೆಯನ್ನು ಒಮ್ಮೆ ಜೋಡಿಸಿ, ಬಿಚ್ಚಿ ಕಳಿಸುವುದು. ಮೂರನೆಯದು ಅತ್ಯಂತ ನಂಬಿಕೆಯದ್ದು, ಅತ್ಯಂತ ದುಬಾರಿಯೂ ಹೌದು. ಎರಡನೆಯದು ರಂಧ್ರದ ಗಾತ್ರ ಹೇಳುತ್ತದೆ, ಸ್ಥಾನ ಹೇಳುವುದಿಲ್ಲ. ಮೊದಲನೆಯದರಲ್ಲಿ ಸಾವಿರ ರಂಧ್ರಗಳ ತೊಲೆಯಲ್ಲಿ ನೋಡುವುದು ಕೆಲವನ್ನಷ್ಟೇ. ಉಳಿದವು ಸರಿಯಿರಬಹುದೆಂಬ ಭರವಸೆಯ ಮೇಲೆ ಲಾರಿ ಏರುತ್ತವೆ.

ಸ್ವಯಂಚಾಲಿತ ಪರೀಕ್ಷೆ ಈ ಮೂರರ ನಡುವಿನ ಜಾಗಕ್ಕೆ ಬಂದಿದೆ. ಕ್ಯಾಮೆರಾ ಅಥವಾ ಲೇಸರ್ ಗೆರೆ ತೊಲೆಯ ಮೇಲೆ ಹಾಯ್ದುಹೋಗುತ್ತದೆ. ಪ್ರತಿ ರಂಧ್ರದ ಅಂಚಿನ ಮೇಲೆ ಹತ್ತಾರು, ಕೆಲವೊಮ್ಮೆ ನೂರಾರು ಬಿಂದುಗಳನ್ನು ದಾಖಲಿಸುತ್ತದೆ. ಗಣಕಯಂತ್ರ ಆ ಬಿಂದುಗಳಿಗೆ ಅತ್ಯಂತ ಹತ್ತಿರವಾಗುವ ವೃತ್ತವೊಂದನ್ನು ಎಳೆದು ಅದರ ಕೇಂದ್ರವನ್ನೂ ವ್ಯಾಸವನ್ನೂ ಲೆಕ್ಕಹಾಕುತ್ತದೆ. ವಿನ್ಯಾಸದ ಕಡತದಲ್ಲಿ ಆ ಕೇಂದ್ರ ಎಲ್ಲಿರಬೇಕಿತ್ತೋ ಅದರೊಂದಿಗೆ ಹೋಲಿಸುತ್ತದೆ. ಉದಾಹರಣೆಗೆ ಉದ್ದದಲ್ಲಿ 0.6 ಮಿ.ಮೀ., ಅಗಲದಲ್ಲಿ 0.8 ಮಿ.ಮೀ. ಸರಿದಿದ್ದರೆ ನಿಜವಾದ ಸರಿತ ಇವೆರಡರ ಕರ್ಣ, ಅಂದರೆ ಸರಿಯಾಗಿ 1 ಮಿ.ಮೀ. ಎರಡು ದಿಕ್ಕನ್ನೂ ಬೇರೆಬೇರೆಯಾಗಿ ಟೇಪಿನಲ್ಲಿ ನೋಡಿದವರು ಎರಡೂ ಮಿತಿಯೊಳಗಿದೆ ಎಂದುಕೊಳ್ಳುತ್ತಾರೆ. ಯಂತ್ರ, ಪಾಲು ಪೂರ್ತಿ ಮುಗಿದಿದೆ ಎನ್ನುತ್ತದೆ.

ಇಲ್ಲಿಯವರೆಗೆ ಎಲ್ಲವೂ ಸಲೀಸು. ತೊಡಕಿರುವುದು ಒಂದು ಪ್ರಶ್ನೆಯಲ್ಲಿ: ಎಲ್ಲಿಂದ ಅಳೆಯುವುದು?

ಅನೇಕ ತಂತ್ರಾಂಶಗಳು ಅಳೆದ ಬಿಂದುಗಳನ್ನು ವಿನ್ಯಾಸದ ಚಿತ್ರದ ಮೇಲೆ ಒಟ್ಟಾರೆ ಅತ್ಯಂತ ಚೆನ್ನಾಗಿ ಕೂಡುವಂತೆ ತಾವೇ ತಿರುಗಿಸಿ, ಸರಿಸಿ ಇಡಬಲ್ಲವು. ನೋಡಲು ಇದು ಅನುಕೂಲ. ಆದರೆ ಇಪ್ಪತ್ತನಾಲ್ಕು ರಂಧ್ರಗಳ ಗುಂಪು ಒಟ್ಟಾಗಿ ತೊಲೆಯ ತುದಿಯಿಂದ 3 ಮಿ.ಮೀ. ದೂರ ಸರಿದಿದೆ ಎಂದುಕೊಳ್ಳೋಣ. ರಂಧ್ರರಂಧ್ರಗಳ ನಡುವಣ ಅಂತರ ಸರಿಯಾಗಿಯೇ ಇದೆ. ತಂತ್ರಾಂಶ ಆ ಗುಂಪನ್ನಷ್ಟೇ ಹಿಡಿದು ಹೊಂದಿಸಿದರೆ ಚಿತ್ರ ಪೂರ್ತಿ ಹಸಿರು. ಎಲ್ಲವೂ ಸರಿ ಎಂಬ ವರದಿ. ಅದೇ ತೊಲೆ ಹೊಳೆಯ ದಂಡೆಗೆ ಬಂದಾಗ ತುದಿಗಳನ್ನು ಕೂಡಿಸಿಟ್ಟರೆ ರಂಧ್ರಗಳ ನಡುವೆ 3 ಮಿ.ಮೀ. ವ್ಯತ್ಯಾಸ, ಒಂದು ಬೋಲ್ಟೂ ತೂರದು. ತೊಲೆಯ ಕೊನೆಯ ಮುಖ, ಕೆಳಅಂಚು ಮುಂತಾದ ನಿಶ್ಚಿತ ಆಧಾರಗಳಿಂದಲೇ ಅಳೆಯಬೇಕೆಂದು ವಿನ್ಯಾಸಕಾರ ನಕ್ಷೆಯಲ್ಲಿ ಸ್ಪಷ್ಟವಾಗಿ ಬರೆಯದಿದ್ದರೆ, ಲಕ್ಷಾಂತರ ರೂಪಾಯಿಯ ಯಂತ್ರ ತಪ್ಪನ್ನು ಸರಿಯೆಂದು ಅತ್ಯಂತ ನಿಖರವಾಗಿ ದಾಖಲಿಸುತ್ತದೆ. ದೋಷ ಯಂತ್ರದ್ದಲ್ಲ, ಕೇಳಿದ ಪ್ರಶ್ನೆಯದು.

ಎರಡನೆಯ ತೊಡಕು ಬಿಸಿಲಿನದು. ಉಕ್ಕು ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಮೀಟರಿಗೆ 0.012 ಮಿ.ಮೀ. ಹಿಗ್ಗುತ್ತದೆ. ಬಳ್ಳಾರಿ ಸೀಮೆಯ ಮಧ್ಯಾಹ್ನದ ಬಿಸಿಲಿನಲ್ಲಿ ಅಳೆದ 12 ಮೀಟರಿನ ತೊಲೆ, ಅದಕ್ಕಿಂತ 20 ಡಿಗ್ರಿ ತಣ್ಣಗಿರುವ ಮಡಿಕೇರಿಯ ಮಳೆಯಲ್ಲಿ ಸುಮಾರು 3 ಮಿ.ಮೀ. ಕುಗ್ಗಿರುತ್ತದೆ. ಕಾಂಕ್ರೀಟ್ ಕಂಬದ ಮೇಲೆ ಮೊದಲೇ ಹುಗಿದಿಟ್ಟ ಬೋಲ್ಟುಗಳ ಮೇಲೆ ಅದನ್ನು ಇಳಿಸುವಾಗ ಈ 3 ಮಿ.ಮೀ. ಲೆಕ್ಕಕ್ಕೆ ಬರುತ್ತದೆ. ತಮಾಷೆಯೆಂದರೆ, ಹಳೆಯ ಉಕ್ಕಿನ ಟೇಪು ತೊಲೆಯೊಡನೆ ತಾನೂ ಹಿಗ್ಗಿ ಈ ತಪ್ಪನ್ನು ತಿಳಿಯದೆಯೇ ಸರಿಪಡಿಸಿಕೊಳ್ಳುತ್ತಿತ್ತು. ಲೇಸರ್ ಹಿಗ್ಗುವುದಿಲ್ಲ. ಆದಕಾರಣ ತೊಲೆಯ ಉಷ್ಣತೆಯನ್ನೂ ಅಳೆದು ಲೆಕ್ಕಕ್ಕೆ ಸೇರಿಸದ ಹೊಸ ಉಪಕರಣ ಹಳೆಯ ಟೇಪಿಗಿಂತ ಹಿಂದೆ ಬೀಳಬಹುದು.

ಮೂರನೆಯದು ಸತುವಿನ ಲೇಪ. ಸುಮಾರು 450 ಡಿಗ್ರಿಯ ಕರಗಿದ ಸತುವಿನಲ್ಲಿ ಮುಳುಗಿಸಿ ತೆಗೆದ ತೆಳುಭಾಗಗಳು ಕೆಲವೊಮ್ಮೆ ಸೊಟ್ಟಗಾಗುತ್ತವೆ. ರಂಧ್ರದೊಳಗೆ ಸತುವಿನ ಹನಿ ಗಟ್ಟಿಯಾಗಿ ನಿಲ್ಲುತ್ತದೆ. ಕೊರೆದ ಕೂಡಲೇ ಮಾಡಿದ ಪರೀಕ್ಷೆಯ ವರದಿ ಇಲ್ಲಿ ಅರ್ಧ ಸತ್ಯ ಮಾತ್ರ. ಲೇಪವಾದ ಮೇಲೆ ಮತ್ತೊಮ್ಮೆ ನೋಡಬೇಕು, ಆದರೆ ಹೊಳೆಯುವ ಸತುವಿನ ಮೇಲ್ಮೈ ಕ್ಯಾಮೆರಾದ ಕಣ್ಣಿಗೆ ಕುಕ್ಕುತ್ತದೆ. ಎಣ್ಣೆ, ಕೊರೆದ ಚೂರು, ಅಂಚಿನ ಮುಳ್ಳು ಇವೂ ವೃತ್ತವನ್ನು ವಕ್ರವಾಗಿ ತೋರಿಸುತ್ತವೆ. ಉಪಕರಣದ ತಪ್ಪು, ಅನುಮತಿಸಿದ ತಪ್ಪಿನ ಹತ್ತನೇ ಒಂದಂಶದೊಳಗೆ ಇರಬೇಕೆಂಬುದು ಅಳತೆಯವರ ರೂಢಿಯ ಸೂತ್ರ. ಒಂದು ಮಿಲಿಮೀಟರಿನ ಪಾಲಿಗೆ 0.1 ಮಿ.ಮೀ. ಇದನ್ನು ಆಗಾಗ ಪ್ರಮಾಣಕ್ಕೆ ಹೋಲಿಸಿ ಖಚಿತಪಡಿಸಿಕೊಳ್ಳಬೇಕು. ಅಂಥ ಅಳತೆಶಾಸ್ತ್ರದ ಕೆಲಸಕ್ಕೆ ರಾಜ್ಯದಲ್ಲೇ, ಬೆಂಗಳೂರಿನಲ್ಲಿ, 1962ರಿಂದ ನಡೆದುಬಂದಿರುವ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆ ಇದೆ.

ವಿಮಾನದಲ್ಲಿ ಇನ್ನೂ ಸೂಕ್ಷ್ಮ

ಈ ವಿದ್ಯೆ ಹೆಚ್ಚು ಬೆಳೆದದ್ದು ಸೇತುವೆಯಲ್ಲಲ್ಲ, ವಿಮಾನದಲ್ಲಿ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗುವ ತೇಜಸ್ ಯುದ್ಧವಿಮಾನದ ಮೈಯಲ್ಲಿ ಇಂಗಾಲದ ನಾರಿನ ಸಂಯುಕ್ತ ವಸ್ತುವನ್ನು ಹೆಚ್ಚಾಗಿ ಬಳಸಿದ್ದರಿಂದ ಬೋಲ್ಟು-ರಿವೆಟ್ಟುಗಳ ಸಂಖ್ಯೆ ಲೋಹದ ವಿನ್ಯಾಸಕ್ಕೆ ಹೋಲಿಸಿದರೆ ಸುಮಾರು ಅರ್ಧಕ್ಕೆ ಇಳಿಯಿತು. ಉಳಿದ ಸಾವಿರಾರು ರಂಧ್ರಗಳಿಗೆ ಎರಡನೆಯ ಅವಕಾಶವಿಲ್ಲ. ಉಕ್ಕಿನಂತೆ ಬೆಸೆದು ಮುಚ್ಚಿ ಮತ್ತೆ ಕೊರೆಯಲು ಬಾರದು, ತಪ್ಪಿ ಕೊರೆದರೆ ನಾರಿನ ಪದರಗಳೇ ಬಿಚ್ಚಿಕೊಳ್ಳಬಹುದು. ಇಷ್ಟೆಲ್ಲ ಎಚ್ಚರವಿರುವ ಕ್ಷೇತ್ರದಲ್ಲೂ ತಪ್ಪುಗಳಾಗುತ್ತವೆ. 2023ರ ಆಗಸ್ಟ್‌ನಲ್ಲಿ ಬೋಯಿಂಗ್ 737 ಮ್ಯಾಕ್ಸ್ ವಿಮಾನಗಳ ಹಿಂಭಾಗದ ಒತ್ತಡ ತಡೆಗೋಡೆಯಲ್ಲಿ, ಪೂರೈಕೆದಾರ ಸ್ಪಿರಿಟ್ ಏರೋಸಿಸ್ಟಮ್ಸ್ ಸಂಸ್ಥೆಯಲ್ಲಿ ಸರಿಯಾಗಿ ಕೊರೆಯದ ರಂಧ್ರಗಳು ಪತ್ತೆಯಾದವು. 2024ರ ಫೆಬ್ರುವರಿಯಲ್ಲಿ ಮತ್ತೊಂದು ರಂಧ್ರದೋಷ ಬೆಳಕಿಗೆ ಬಂದು, ಇನ್ನೂ ಹಸ್ತಾಂತರವಾಗದ ಸುಮಾರು 50 ವಿಮಾನಗಳನ್ನು ದುರಸ್ತಿಗೆ ಒಳಪಡಿಸಬೇಕಾಯಿತು.

ವಿಮಾನಕ್ಕೆ ದುರಸ್ತಿಯ ಹ್ಯಾಂಗರ್ ಉಂಟು, ದೀಪ ಉಂಟು, ಕಾಯುವ ವ್ಯವಧಾನ ಉಂಟು. ಗುಡ್ಡದ ಊರಿನ ಸೇತುವೆಗೆ ಅದಾವುದೂ ಇಲ್ಲ. ಅಲ್ಲಿ ತಪ್ಪು ಗೊತ್ತಾಗುವ ಹೊತ್ತಿಗೆ ತೊಲೆ ಕ್ರೇನಿನಲ್ಲಿ ತೂಗುತ್ತಿರುತ್ತದೆ, ಆಚೆ ದಡದಲ್ಲಿ ಜನ ಕಾಯುತ್ತಿರುತ್ತಾರೆ.

ಆದುದರಿಂದ ಸೇತುವೆ ಕೊಳ್ಳುವವರು, ಅದು ಲೋಕೋಪಯೋಗಿ ಇಲಾಖೆಯಾಗಲಿ ಗ್ರಾಮ ಪಂಚಾಯಿತಿಯಾಗಲಿ, ಕರಾರಿನಲ್ಲಿ ಕೇಳಬಹುದಾದ್ದು ದೊಡ್ಡದೇನೂ ಅಲ್ಲ: ಪ್ರತಿ ರಂಧ್ರದ ಅಳತೆಯ ವರದಿ, ಅದನ್ನು ತೆಗೆದ ಆಧಾರಬಿಂದು, ಆಗಿನ ಉಷ್ಣತೆ, ಅದು ಸತುವಿನ ಲೇಪದ ಮೊದಲಿನದೋ ನಂತರದ್ದೋ ಎಂಬ ಒಂದು ಸಾಲು. ಈ ನಾಲ್ಕೂ ಒಂದು ಹಾಳೆಯಲ್ಲಿ ಹಿಡಿಸುತ್ತವೆ, ಮತ್ತು ಲಾರಿ ಘಟ್ಟ ಹತ್ತುವ ಮೊದಲೇ ಅದನ್ನು ಓದಬಹುದು.