ಊರಿನ ಮನೆಗೆ ಸ್ಕೂಟರ್: ಗಾಡಿ ಯಾವುದು, ಆರ್‌ಸಿ ಯಾರ ಹೆಸರಿಗೆ?

ಕೊಲ್ಲಿಗೆ ಬಂದ ಒಂದೆರಡು ವರ್ಷದೊಳಗೆ ನಾವು ಊರಿಗೆ ಕಳಿಸುವ ದೊಡ್ಡ ಮೊತ್ತಗಳಲ್ಲಿ ಸ್ಕೂಟರಿನದೂ ಒಂದು. ಅಪ್ಪನಿಗೆ ಆಸ್ಪತ್ರೆಗೆ ಹೋಗಲು, ತಂಗಿಗೆ ಕಾಲೇಜಿಗೆ, ಹೆಂಡತಿಗೆ ಮಕ್ಕಳನ್ನು ಶಾಲೆಗೆ ಬಿಡಲು. ವಾಟ್ಸಾಪಿನಲ್ಲಿ ಫೋಟೋ ಬರುತ್ತದೆ, "ಅಣ್ಣಾ, ಬಿಳಿ ತಗೊಳ್ಳಲಾ, ನೀಲಿ ತಗೊಳ್ಳಲಾ?" ಅಂತ. ಬಣ್ಣದ ವಿಷಯ ಅವರಿಗೇ ಬಿಡೋಣ. ಹಣ ಕಟ್ಟುವ ನಾವು ನೋಡಬೇಕಾದ್ದು ಬೇರೆ ಇದೆ.

ಸ್ಕೂಟರ್ ಯುದ್ಧದ ನಂತರ ಬಡತನದಲ್ಲಿ ಹುಟ್ಟಿದ ಗಾಡಿ. ಇಟಲಿಯಲ್ಲಿ ವಿಮಾನ ತಯಾರಿಸುತ್ತಿದ್ದ ಪಿಯಾಜಿಯೊ ಕಂಪನಿ 1946ರಲ್ಲಿ ವೆಸ್ಪಾ ತಂದಿತು. ವೆಸ್ಪಾ ಅಂದರೆ ಕಣಜ. ವಿನ್ಯಾಸ ಮಾಡಿದ ಕೊರಾಡಿನೊ ಡಾಸ್ಕಾನಿಯೊ ವಿಮಾನದ ಎಂಜಿನಿಯರ್, ಮೋಟಾರ್ ಸೈಕಲ್ ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಅದಕ್ಕೇ ಎಂಜಿನ್ ಮುಚ್ಚಿ ಸೀಟಿನ ಕೆಳಗೆ ತಳ್ಳಿ, ಕಾಲಿಡಲು ಮುಂದೆ ಜಾಗ ಮಾಡಿದರು. ಮರುವರ್ಷ ಮಿಲಾನಿನಿಂದ ಲ್ಯಾಂಬ್ರೆಟಾ ಬಂತು. ಮುಂದೆ ಎರಡೂ ನಮ್ಮ ದೇಶಕ್ಕೆ ಬಂದವು.

ಬಜಾಜ್ ಮೊದಲು ಪಿಯಾಜಿಯೊ ಲೈಸೆನ್ಸಿನಲ್ಲಿ ಗಾಡಿ ಮಾಡುತ್ತಿತ್ತು. 1972ರಲ್ಲಿ ರಾಣಾ ಪ್ರತಾಪನ ಕುದುರೆಯ ಹೆಸರಿಟ್ಟು ಚೇತಕ್ ತಂದಿತು. ನಮ್ಮ ವಯಸ್ಸಿನವರಿಗೆ ಚೇತಕ್ ಅಂದರೆ ಬೆಳಿಗ್ಗೆ ಒಂದು ಕಡೆಗೆ ವಾಲಿಸಿ ಕಿಕ್ ಹೊಡೆಯುವ ದೃಶ್ಯ. ಸರ್ಕಾರ ಎಷ್ಟು ಗಾಡಿ ಮಾಡಬೇಕು ಅಂತ ಮಿತಿ ಹಾಕಿದ್ದ ಕಾಲ ಅದು. ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿತ್ತು. ಆದರೆ ವಿದೇಶಿ ಹಣದಲ್ಲಿ ಕಟ್ಟಿದವರಿಗೆ ಸರದಿ ಇಲ್ಲದೆ ಸಿಗುತ್ತಿತ್ತು. ಅಂದರೆ ಹೊರದೇಶದಲ್ಲಿ ಮಗ ಇದ್ದ ಮನೆಗೆ ಸ್ಕೂಟರ್ ಬೇಗ ಬರುತ್ತಿತ್ತು. ಈಗಿನ ನಮ್ಮ ಫೋನು ಕರೆಗಳಿಗೂ ಅದಕ್ಕೂ ಸಂಬಂಧ ಇಲ್ಲ ಅನ್ನಲಾಗದು!

1984ರಲ್ಲಿ ಕೈನೆಟಿಕ್ ಹೋಂಡಾ ಬಂದು ಗೇರ್ ಹೋಯಿತು, ಬಟನ್ ಒತ್ತಿದರೆ ಸ್ಟಾರ್ಟು. ಹೆಣ್ಣುಮಕ್ಕಳು ಧೈರ್ಯವಾಗಿ ಗಾಡಿ ಹಿಡಿದದ್ದು ಆಮೇಲೆಯೇ. 2001ರ ಹೊತ್ತಿಗೆ ಆಕ್ಟಿವಾ ಬಂದು ಬಾಕಿ ಎಲ್ಲವನ್ನೂ ಮೂಲೆಗೆ ಸರಿಸಿತು. ಹೋಂಡಾ 2013ರಲ್ಲಿ ಕೋಲಾರದ ನರಸಾಪುರದಲ್ಲೇ ಕಾರ್ಖಾನೆ ತೆರೆಯಿತು.

ಈಗ ಅಂಗಡಿಯಲ್ಲಿ ಸಿಗುವುದು ಮುಖ್ಯವಾಗಿ 110 ಸಿಸಿ, 125 ಸಿಸಿ ಮತ್ತು ಎಲೆಕ್ಟ್ರಿಕ್. ಇಬ್ಬರು ಕೂತು ಘಾಟಿ ಹತ್ತುವ ಮಲೆನಾಡಿಗೆ 125 ಇರಲಿ, ಪೇಟೆಗೆ 110 ಸಾಕು. ಎಲೆಕ್ಟ್ರಿಕ್ ಬಗ್ಗೆ ಭಾವನೆ ಬಿಟ್ಟು ಲೆಕ್ಕ ಹಾಕೋಣ. ದಿನಕ್ಕೆ 20 ಕಿ.ಮೀ., ವರ್ಷಕ್ಕೆ 300 ದಿನ, ಒಟ್ಟು 6,000 ಕಿ.ಮೀ. ಪೆಟ್ರೋಲ್ ಲೀಟರಿಗೆ 100 ರೂಪಾಯಿ, ಮೈಲೇಜ್ 45 ಅಂತ ಹಿಡಿದರೆ ಖರ್ಚು ಸುಮಾರು 13,300 ರೂಪಾಯಿ. ಎಲೆಕ್ಟ್ರಿಕ್ ಗಾಡಿ ಒಂದು ಯೂನಿಟಿಗೆ 30 ಕಿ.ಮೀ. ಹೋದರೆ 200 ಯೂನಿಟ್, ಯೂನಿಟಿಗೆ 7 ರೂಪಾಯಿಯಂತೆ 1,400. ಉಳಿತಾಯ ನಿಜ. ಆದರೆ ದಿನಕ್ಕೆ 5 ಕಿ.ಮೀ. ಮಾತ್ರ ಓಡಿಸುವ ಅಪ್ಪನಿಗೆ ವರ್ಷಕ್ಕೆ ಉಳಿಯುವುದು ಮೂರು ಸಾವಿರ ಅಷ್ಟೇ. ಹತ್ತಿರದಲ್ಲಿ ಸರ್ವಿಸ್ ಸೆಂಟರ್ ಇಲ್ಲದ ಹಳ್ಳಿಗೆ ನಾವಂತೂ ಪೆಟ್ರೋಲ್ ಗಾಡಿಯನ್ನೇ ಹೇಳುತ್ತೇವೆ. 2025ರ ಸೆಪ್ಟೆಂಬರ್ 22ರಿಂದ ಅದರ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದಿದೆ, ಎಲೆಕ್ಟ್ರಿಕ್‌ಗೆ 5 ಇದೆ.

ಸಾಲದಲ್ಲಿ ತಗೊಳ್ಳುವುದಾದರೆ "9 ಪರ್ಸೆಂಟ್ ಫ್ಲಾಟ್" ಅನ್ನುವ ಮಾತಿಗೆ ಕಿವಿ ನಿಮಿರಲಿ. 90,000 ಸಾಲಕ್ಕೆ ಮೂರು ವರ್ಷದ ಬಡ್ಡಿ 24,300, ತಿಂಗಳ ಕಂತು 3,175. ಅಸಲು ಪ್ರತಿ ತಿಂಗಳೂ ಕರಗುತ್ತಿದ್ದರೂ ಬಡ್ಡಿ ಮಾತ್ರ ಪೂರ್ತಿ 90,000ಕ್ಕೇ. ಬ್ಯಾಂಕಿನ ಇಳಿಕೆ ಬಾಕಿ ಲೆಕ್ಕಕ್ಕೆ ತಂದರೆ ಇದು 16 ಪರ್ಸೆಂಟ್ ದಾಟುತ್ತದೆ.

ಇನ್ನು ಆರ್‌ಸಿ. ಹಣ ನಮ್ಮದು ಅಂತ ಗಾಡಿ ನಮ್ಮ ಹೆಸರಿಗೇ ಮಾಡಿಸುವ ರೂಢಿ ಇದೆ. ನಾವಿರುವುದು ಇಲ್ಲಿ, ಓಡಿಸುವವನು ತಮ್ಮ. ಗಾಡಿಯ ಜೊತೆ ಬರುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಇರುವುದು ಮಾಲೀಕನೇ ಓಡಿಸುವಾಗ, ಅವನಿಗೆ ಲೈಸೆನ್ಸ್ ಇದ್ದಾಗ. ತಮ್ಮ ತಾನೇ ಸ್ಕಿಡ್ ಆಗಿ ಬಿದ್ದು ಜೀವ ಹೋದರೆ ಆ 15 ಲಕ್ಷ ಅವನ ಹೆಂಡತಿ ಮಕ್ಕಳಿಗೆ ಬರುವುದಿಲ್ಲ. ಥರ್ಡ್ ಪಾರ್ಟಿ ವಿಮೆಯೂ ಕೈ ಹಿಡಿಯದು. ಕರ್ನಾಟಕದಿಂದಲೇ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿದ್ದು ಇದನ್ನೇ: ಬೇರೆಯವರ ಬೈಕ್ ಕೇಳಿ ತಗೊಂಡು ಓಡಿಸುವವನು ಮಾಲೀಕನ ಜಾಗದಲ್ಲೇ ನಿಲ್ಲುತ್ತಾನೆ, ಮೂರನೆಯವನಾಗುವುದಿಲ್ಲ. ಹಾಗಾಗಿ ದಿನಾ ಯಾರು ಓಡಿಸುತ್ತಾರೋ ಅವರ ಹೆಸರಿಗೇ ಆರ್‌ಸಿ ಇರಲಿ. ಮನೆಯಲ್ಲಿ ಇಬ್ಬರು ಮೂವರು ಓಡಿಸುವುದಾದರೆ ಪ್ರತಿಯೊಬ್ಬರಿಗೂ ಬೇರೆಯೇ ಅಪಘಾತ ವಿಮೆ ಮಾಡಿಸಿ. ಪಿಯುಸಿ ಓದುವ, 18 ತುಂಬದ ಹುಡುಗನ ಕೈಗೆ ಮಾತ್ರ ಬೇಡ. ಸಿಕ್ಕಿಬಿದ್ದರೆ ಪೋಷಕರಿಗೆ ಅಥವಾ ಮಾಲೀಕರಿಗೆ 25,000 ದಂಡ, ಮೂರು ವರ್ಷದವರೆಗೆ ಜೈಲೂ ಆಗಬಹುದು.

ಕೊಲ್ಲಿಗೆ ಹೊರಡುವ ಮುಂಚೆ ಹಳೇ ಗಾಡಿ ಮಾರಿ ಬಂದವರಿಗೆ ಇನ್ನೊಂದು ಮಾತು. ಫಾರಂ 29, 30ಕ್ಕೆ ಸಹಿ ಹಾಕಿ ಕೊಟ್ಟರೆ ಮುಗಿಯಲಿಲ್ಲ. ಆರ್‌ಟಿಒ ದಾಖಲೆಯಲ್ಲಿ ಹೆಸರು ಬದಲಾಗುವವರೆಗೆ ಅಪಘಾತದ ಪರಿಹಾರದ ಹೊಣೆ ದಾಖಲೆಯಲ್ಲಿರುವ ಮಾಲೀಕನದೇ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಖಚಿತ ಮಾಡಿದೆ. ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿ ನೋಡಿ. ಇನ್ನೂ ನಿಮ್ಮ ಹೆಸರೇ ಇದ್ದರೆ ಕೊಂಡವರಿಗೆ ಇವತ್ತೇ ಫೋನ್ ಮಾಡಿ. ಸಾಲ ತೀರಿದ ಗಾಡಿಯಾದರೆ ಬ್ಯಾಂಕಿನ ಎನ್‌ಒಸಿ, ಫಾರಂ 35 ಕೊಟ್ಟು ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಬೇಕು. ರಜೆಗೆ ಹೋದಾಗ ಆರ್‌ಟಿಒ ಕೆಲಸಕ್ಕೆ ಎರಡು ದಿನ ಇಟ್ಟುಕೊಳ್ಳಿ.