ನರಕವಚದ ಗಡ್ಡೆ ಮತ್ತು ಶಸ್ತ್ರವೈದ್ಯದ ಕೌಶಲ

ಆದವಾನಿಯಿಂದ ರಾಯಚೂರಿಗೆ ಹೋಗುವ ರೈಲುದಾರಿಯ ಕೋಸಗಿ ಸೀಮೆಯಲ್ಲಿ, ಹತ್ತಿ ಬಿಡಿಸಿ, ಮೂಟೆ ಹೊತ್ತು, ಸುಗ್ಗಿ ಮುಗಿದೊಡನೆ ಕೂಲಿಯನ್ನರಸಿ ಊರು ಬಿಡುವ ಜನರು ಬೆನ್ನುನೋವನ್ನು ರೋಗವೆಂದೇ ಎಣಿಸುವುದಿಲ್ಲ. ವಾಯುವೆಂದೋ ದಣಿವೆಂದೋ ತಿಳಿದು ಎಣ್ಣೆ ತಿಕ್ಕಿಸಿಕೊಂಡು ಸುಮ್ಮನಾಗುತ್ತಾರೆ. ಬಹುಮಟ್ಟಿಗೆ ಆ ಎಣಿಕೆ ಸರಿಯೇ. ಆದರೆ ರಾತ್ರಿ ಮಲಗಿದಾಗಲೇ ಹೆಚ್ಚುವ, ಪಕ್ಕೆಯನ್ನು ಸುತ್ತಿ ಬರುವ ಅಥವಾ ಕಾಲಿಗಿಳಿಯುವ ನೋವಿಗೆ, ವಿರಳವಾಗಿಯಾದರೂ, ಬೆನ್ನುಹುರಿಯ ಮಗ್ಗುಲಲ್ಲಿ ಬೆಳೆಯುವ ನರಕವಚದ ಗಡ್ಡೆಯು ಕಾರಣವಾಗಿರುವುದುಂಟು.

ನರವನ್ನು ಸುತ್ತಿರುವ ಕೋಶಗಳಿಗೆ ಜರ್ಮನಿಯ ವಿಜ್ಞಾನಿ ಥಿಯೊಡೋರ್ ಶ್ವಾನನ ಹೆಸರು ನಿಂತಿದೆ. ಅವುಗಳಿಂದ ಹುಟ್ಟುವ ಗಡ್ಡೆಯೇ ಶ್ವಾನೋಮಾ. ಸಾಮಾನ್ಯವಾಗಿ ಇದು ಕ್ಯಾನ್ಸರಲ್ಲ. ವರ್ಷಗಟ್ಟಲೆ ಮೆಲ್ಲನೆ ಬೆಳೆದು, ನರವು ಹೊರಬರುವ ಕಿರುರಂಧ್ರದಲ್ಲಿ ನುಸುಳಿ, ಒಳಗೂ ಹೊರಗೂ ಹಿಗ್ಗಿ ನಡುವೆ ಸಣ್ಣಗಾಗಿ ಡಮರುವಿನ ಆಕಾರವನ್ನು ತಾಳುವುದುಂಟು. ಎಲುಬನ್ನು ಸವೆಯಿಸಿ ಎದೆಗೂಡಿನವರೆಗೂ ಚಾಚಬಲ್ಲುದು. ಎರಡಕ್ಕಿಂತ ಹೆಚ್ಚು ಕಶೇರುಕಗಳನ್ನು ವ್ಯಾಪಿಸಿದ, ಇಲ್ಲವೆ ಬೆನ್ನೆಲುಬಿನ ಹೊರಗೆ 2.5 ಸೆಂಟಿಮೀಟರನ್ನು ಮೀರಿದ ಗಡ್ಡೆಯನ್ನು ದೈತ್ಯವೆಂದು ಗಣಿಸಿದ ಪ್ರಬಂಧವು 2001ರಲ್ಲಿ ಚೆನ್ನೈನ ಕೆ. ಶ್ರೀಧರ್, ಬಿ. ರಾಮಮೂರ್ತಿ ಮೊದಲಾದವರಿಂದ ಬಂದಿತು. ಆ ರಾಮಮೂರ್ತಿಯವರು 1950ರಲ್ಲಿ ಮದರಾಸಿನಲ್ಲಿ ನರಶಸ್ತ್ರವೈದ್ಯವನ್ನು ಆರಂಭಿಸಿದಾಗ, ಬಳ್ಳಾರಿ ಜಿಲ್ಲೆಯ ಆದವಾನಿ ತಾಲ್ಲೂಕಿಗೆ ಸೇರಿದ್ದ ಕೋಸಗಿಯೂ ಮದರಾಸು ರಾಜ್ಯದಲ್ಲಿಯೇ ಇದ್ದಿತು. ಆಂಧ್ರಕ್ಕೆ ಸೇರಿದ್ದು 1953ರಲ್ಲಿ.

1887ರಲ್ಲಿ ಲಂಡನ್ನಿನ ವಿಕ್ಟರ್ ಹಾರ್ಸ್ಲಿ ಬೆನ್ನುಹುರಿಯನ್ನು ಒತ್ತುತ್ತಿದ್ದ ಗಡ್ಡೆಯೊಂದನ್ನು ತೆಗೆದು, ಕಾಲು ಸೋತಿದ್ದ ರೋಗಿಯನ್ನು ಮತ್ತೆ ನಡೆಯಿಸಿದನು. ಎಂ.ಆರ್.ಐ. ಚಿತ್ರವಾಗಲಿ ಶಸ್ತ್ರಕ್ರಿಯೆಗೆ ಬಳಸುವ ಸೂಕ್ಷ್ಮದರ್ಶಕವಾಗಲಿ ಇಲ್ಲದ ಕಾಲದ ಆ ಸಾಹಸವನ್ನು ನೆನೆದರೆ ಇಂದಿಗೂ ಗೌರವ ಮೂಡುತ್ತದೆ. ಇಂದಿನ ವೈದ್ಯನು ರೋಗಿಯನ್ನು ಬೋರಲು ಮಲಗಿಸಿ, ಕಶೇರುಕದ ಹಿಂಬದಿಯ ಎಲುಬನ್ನು ಸರಿಸಿ, ಸೂಕ್ಷ್ಮದರ್ಶಕದಡಿಯಲ್ಲಿ ಬೆನ್ನುಹುರಿಯ ಪೊರೆಯನ್ನು ಸೀಳುತ್ತಾನೆ. ದೊಡ್ಡ ಗಡ್ಡೆಯನ್ನು ಇಡಿಯಾಗಿ ಎಳೆದರೆ ಹುರಿಗೆ ಅಪಾಯ. ಆದ್ದರಿಂದ ಅದರ ಒಡಲನ್ನು ಮೊದಲು ಶ್ರವಣಾತೀತ ಕಂಪನದಿಂದ ಪುಡಿಗೈದು ಹೀರಿ, ಕುಗ್ಗಿದ ಕವಚವನ್ನು ಹುರಿಯಿಂದ ಎಳೆಎಳೆಯಾಗಿ ಬಿಡಿಸುತ್ತಾನೆ. ಗಡ್ಡೆ ಹುಟ್ಟಿದ ನರದ ಎಳೆಯನ್ನು ವಿದ್ಯುತ್ಪ್ರಚೋದನೆಯಿಂದ ಪರೀಕ್ಷಿಸಿ, ಸ್ನಾಯು ಮಿಡಿಯದಿದ್ದರೆ ಮಾತ್ರ ಕತ್ತರಿಸುತ್ತಾನೆ. ಬಳಿಕ ಹುರಿಯ ಸುತ್ತಲಿನ ದ್ರವವು ಸೋರದಂತೆ ಪೊರೆಯನ್ನು ಹೊಲಿಯಬೇಕು. ಕಶೇರುಕಗಳ ನಡುವಣ ಕೀಲನ್ನು ತೆಗೆದಿದ್ದರೆ ತಿರುಪು-ಸರಳುಗಳಿಂದ ಬೆನ್ನೆಲುಬನ್ನು ಬಿಗಿಯಬೇಕು. ಗಡ್ಡೆ ಎದೆಗೂಡನ್ನು ಹೊಕ್ಕಿದ್ದರೆ ಎದೆಯ ಶಸ್ತ್ರವೈದ್ಯನೂ ಜೊತೆಗೂಡುವನು. ಈ ಇಡೀ ಕಾರ್ಯದಲ್ಲಿ ನಾನು ಅತ್ಯಂತ ಮೆಚ್ಚುವ ಗುಣವೆಂದರೆ ನಿಲ್ಲಿಸಬೇಕಾದೆಡೆ ನಿಲ್ಲಿಸುವ ವಿವೇಕ: ಕೈಕಾಲನ್ನಾಡಿಸುವ ನರಕ್ಕೆ ಅಂಟಿದ ತುಣುಕನ್ನು ಬಿಟ್ಟು, ಮುಂದೆ ಚಿತ್ರ ತೆಗೆದು ಕಾಯುವುದೂ ಚಿಕಿತ್ಸೆಯೇ.

ಕನ್ನಡನಾಡಿನಲ್ಲಿ ಈ ವಿದ್ಯೆಯ ಮುಖ್ಯ ನೆಲೆ ಬೆಂಗಳೂರಿನ ನಿಮ್ಹಾನ್ಸ್. 1974ರಲ್ಲಿ ರೂಪುಗೊಂಡ ಆ ಸಂಸ್ಥೆಯ ಪ್ರಥಮ ನಿರ್ದೇಶಕರು ನರಶಸ್ತ್ರವೈದ್ಯರಾದ ಆರ್. ಮಾರ್ತಾಂಡ ವರ್ಮರು. ಅಷ್ಟು ದೂರ ಹೋಗುವ ಮುನ್ನ ಕರ್ನೂಲು, ಬಳ್ಳಾರಿ, ರಾಯಚೂರುಗಳ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ತೋರಿಸಬಹುದು. ಮನೆಯ ಹಿರಿಯರೊಬ್ಬರ ಕಾಲು ಬಿಗಿದು ಚಪ್ಪಲಿ ಜಾರಿದ್ದು ತಿಳಿಯದೆ ಹೋದರೆ, ಮೂತ್ರ ಕಟ್ಟಿದರೆ, ಸುಗ್ಗಿ ಮುಗಿಯಲೆಂದು ಕಾಯಬೇಡಿರಿ, ಅಂದೇ ಕರೆದೊಯ್ಯಿರಿ.